ಅಂಗೈಗೆ ಬಂದ ಗುಬ್ಬಿಗಳು

ನಮ್ಮ ಮನೆಯಲ್ಲಿ ಮಧ್ಯಾಹ್ನವೇ ರಾತ್ರಿ. ಊರು ಏಳುವ ಮೊದಲೇ ಭಟ್ಟಿ ಹೊತ್ತಿಸುವವರು ನಾವು. ಬೆಳಗಿನ ಬ್ರೆಡ್ಡು, ಬನ್ನು, ರಸ್ಕು ಎಲ್ಲ ಖರ್ಚಾಗಿ, ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಬೇರೆಯವರು ಊಟಕ್ಕೆ ಕೂರುವ ಹೊತ್ತಿಗೆ ನಾವು ಪರದೆ ಮುಚ್ಚಿ ಮಲಗುತ್ತೇವೆ. ನನ್ನ ಕೋಣೆಯ ಗೋಡೆಯ ಆಚೆಗೇ ಭಟ್ಟಿ. ಬೆಂಕಿ ಆರಿದರೂ ಗೋಡೆ ಸಂಜೆಯವರೆಗೆ ಬೆಚ್ಚಗಿರುತ್ತದೆ. ಅದಕ್ಕೆ ಬೆನ್ನು ಆನಿಸಿ ಮಲಗಿದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಪರದೆಯ ಸಂದಿಯಲ್ಲಿ ಬಿಸಿಲಿನ ಒಂದು ಪಟ್ಟಿ, ಅದರೊಳಗೆ ಹಿಟ್ಟಿನ ಧೂಳು, ಹಿತ್ತಲಿನಿಂದ ಗುಬ್ಬಿಗಳ ಸದ್ದು. ಆ ವರ್ಷ ನಾನು ಕಂಡದ್ದರಲ್ಲಿ ಕನಸು ಎಷ್ಟು, ಎಚ್ಚರ ಎಷ್ಟು ಎಂದು ಬೇರ್ಪಡಿಸಲು ಇವತ್ತಿಗೂ ನನಗೆ ಪೂರ್ತಿ ಆಗಿಲ್ಲ.

ಆ ವರ್ಷವೇ ನನ್ನ ತಂಗಿ ಮನೆಗೆ ಮರಳಿ ಬಂದದ್ದು. ಹುಟ್ಟಿದಾಗ ಅವಳ ಉಬ್ಬಿದ ಕೆನ್ನೆ ನೋಡಿ ಅಪ್ಪ ಬನ್ನು ಎಂದು ಕರೆದಿದ್ದರು, ಆ ಹೆಸರೇ ಅಂಟಿಕೊಂಡಿತು. ಚಿಕ್ಕವಳಿದ್ದಾಗ ಅವಳನ್ನು ಹಿಡಿದು ಕೂರಿಸಿ ತಲೆ ಬಾಚುವುದೆಂದರೆ ದೊಡ್ಡ ಯುದ್ಧ. ಹಿಟ್ಟು ನಾದುವ ಮೇಜಿನ ಸುತ್ತ ಓಡುವಳು, ಹಿಡಿದರೆ ಜಾರುವಳು, ಜಾರಲಾಗದಿದ್ದರೆ ಕಚ್ಚುವಳು. ನನ್ನ ಮೊಣಕೈಯ ಹತ್ತಿರ ಅವಳ ಹಲ್ಲಿನ ಗುರುತು ಈಗಲೂ ಇದೆ. ಅಂಥವಳು ರೈಲಿನ ಗಾರ್ಡ್ ಒಬ್ಬನನ್ನು ಮೆಚ್ಚಿ ಮದುವೆಯಾಗಿ, ಎರಡು ಸ್ಟೇಷನ್ ಆಚೆ ಮನೆ ಮಾಡಿದ್ದಳು. ಹೆರಿಗೆಯಾಯಿತು. ಮಗು ಅಳಲಿಲ್ಲ. ಅವಳೂ ಅಳಲಿಲ್ಲ. ಸ್ವಲ್ಪ ದಿನ ತವರಿನಲ್ಲಿರಲಿ ಎಂದು ಗಾರ್ಡ್ ತಾನೇ ಕರೆತಂದು ಬಿಟ್ಟು ಹೋದ.

ಬನ್ನು ಅಡುಗೆಮನೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕೂರಿಸಿದಲ್ಲಿ ಕೂರುವಳು, ಬಡಿಸಿದಷ್ಟು ತಿನ್ನುವಳು, ಮಲಗು ಎಂದರೆ ಮಲಗುವಳು. ನಾನು ದಿನವೂ ಅವಳ ಹಿಂದೆ ನಿಂತು ತಲೆ ಬಾಚುತ್ತಿದ್ದೆ. ಸಿಕ್ಕು ಎಳೆದಾಗಲೂ ಅವಳು ಹ್ಞಾಂ ಎನ್ನುತ್ತಿರಲಿಲ್ಲ. ಪಾಪ, ಎಷ್ಟು ಸಮಾಧಾನಕ್ಕೆ ಬಂದಿದ್ದಾಳೆ ಎಂದು ನಾನು ಅಪ್ಪನ ಮುಂದೆ ಹೇಳಿಕೊಂಡೆ. ಅಪ್ಪನೂ ತಲೆಯಾಡಿಸಿದರು. ಅಮ್ಮ ಹೋದ ಮೇಲೆ ನಮ್ಮಿಬ್ಬರಿಗೂ ಗಲಾಟೆಯಿಲ್ಲದಿದ್ದರೆ ಸಾಕು, ಎಲ್ಲ ಸರಿಯಿದೆ ಅನ್ನಿಸಿಬಿಡುತ್ತಿತ್ತು.

ಗಾರ್ಡ್ ರಜೆ ಸಿಕ್ಕ ದಿನವೆಲ್ಲ ಬರುತ್ತಿದ್ದ. ಅವಳ ಎದುರಿಗೆ ಕೂತು, ರೈಲಿನಲ್ಲಿ ಕಂಡದ್ದು ಕೇಳಿದ್ದು ಎಲ್ಲ ಹೇಳಿ, ಕೊನೆಗೆ ಸುಮ್ಮನೆ ಅವಳ ಕೈ ಹಿಡಿದುಕೊಂಡಿದ್ದು ಎದ್ದು ಹೋಗುತ್ತಿದ್ದ. ಒಂದು ಸಲ ಹೊರಡುವಾಗ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತು, "ಕೈ ನನ್ನ ಕೈಯಲ್ಲೇ ಇರುತ್ತೆ ಅಕ್ಕ, ಅವಳು ಮಾತ್ರ ಇರಲ್ಲ" ಎಂದ. ನನಗೆ ಮೂಗಿನ ತುದಿಯಲ್ಲೇ ಕೋಪ. ಭಟ್ಟಿಯ ಮುಂದೆ ಇಷ್ಟು ವರ್ಷ ನಿಂತವಳಿಗೆ ತಣ್ಣನೆಯ ಸ್ವಭಾವ ಎಲ್ಲಿಂದ ಬರಬೇಕು? ಬಾಣಂತಿಯ ಮೈ ಅದು, ನಿಧಾನ ಬೇಕು, ನಿಮಗೆ ಎಲ್ಲವೂ ರೈಲಿನ ಹೊತ್ತಿಗೇ ಆಗಬೇಕಾ ಎಂದು ರೇಗಿದೆ. ಅವನು ಟೋಪಿ ಹಾಕಿಕೊಂಡು ಹೊರಟುಹೋದ.

ಗುಬ್ಬಿಗಳನ್ನು ಕರೆದದ್ದು ಅಪ್ಪ. ಕಿಟಕಿಯಾಚೆ ಹಿತ್ತಲಿನ ಮೋಟು ಗೋಡೆಯಿದೆ. ಅದರ ಮೇಲೆ ಒಂದು ಹಳೆಯ ಬ್ರೆಡ್ ಟ್ರೇ ಇಟ್ಟು, ಉಳಿದ ಬ್ರೆಡ್ಡಿನ ಅಂಚು, ರಸ್ಕಿನ ಪುಡಿ ಸುರಿದರು. ನೋಡಲಿಕ್ಕೆ ಏನಾದರೂ ಇರಲಿ ಅವಳಿಗೆ ಎಂದರು. ಮೊದಲು ಒಂದು ಬಂತು, ಆಮೇಲೆ ಒಂದು ಹಿಂಡೇ ಬಂತು. ಹಿಂದೆಯೇ ಎರಡು ಬೆಳವಕ್ಕಿ, ಮತ್ತೆ ಹಸಿರು ಬೆನ್ನಿನ ಒಂದು ಪುಟ್ಟ ಹಕ್ಕಿ. ಅದರ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಬನ್ನು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದಳು. "ಬಂದ್ವು" ಎಂದಳು. ಬಂದ ದಿನದಿಂದ ಅವಳಾಗಿ ಆಡಿದ ಮೊದಲ ಮಾತು ಅದು. ಅಪ್ಪ ಅಡುಗೆಮನೆಯಿಂದ ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದರು.

ಅಲ್ಲಿಂದ ಹಿತ್ತಲು ಅವಳದಾಯಿತು. ಬೆಳಿಗ್ಗೆ ತಾನೇ ಏಳುವಳು, ತಾನೇ ಬ್ರೆಡ್ಡು ಪುಡಿ ಮಾಡುವಳು. ಟ್ರೇಯನ್ನು ಹೇಗೆ ನೋಡಿಕೊಳ್ಳಬೇಕೆಂದು ಅಪ್ಪ ಕಲಿಸಿಕೊಟ್ಟರು. ನಮ್ಮ ಬೇಕರಿಯಲ್ಲಿ ಒಂದು ಕಟ್ಟುನಿಟ್ಟಿದೆ, ಟ್ರೇಗೆ ನೀರು ಸೋಕಿಸಕೂಡದು. ತೊಳೆದ ಟ್ರೇಗೆ ಬ್ರೆಡ್ಡು ಕಚ್ಚಿಕೊಳ್ಳುತ್ತದೆ, ತುಕ್ಕು ಹಿಡಿಯುತ್ತದೆ. ಎಣ್ಣೆ ಬಟ್ಟೆಯಿಂದ ಒರೆಸುತ್ತ ಒರೆಸುತ್ತ ವರ್ಷಗಟ್ಟಲೆ ಅದು ಕಪ್ಪಗೆ ಮಿರುಗಬೇಕು. ಚಿಕ್ಕಂದಿನಲ್ಲಿ ನಾನೊಮ್ಮೆ ಅಪ್ಪನಿಗೆ ಸಹಾಯವಾಗಲೆಂದು ಒಂದು ಟ್ರೇಯನ್ನು ಸೋಪು ಹಾಕಿ ಉಜ್ಜಿಟ್ಟಿದ್ದೆ. ಅಪ್ಪ ಸಂಜೆಯವರೆಗೂ ನನ್ನ ಜೊತೆ ಮಾತಾಡಿರಲಿಲ್ಲ. ಬನ್ನು ಆ ಕಟ್ಟುನಿಟ್ಟನ್ನು ಅಕ್ಷರಶಃ ಪಾಲಿಸಿದಳು. ಎಣ್ಣೆ ಬಟ್ಟೆ ಹಿಡಿದು, ಹಿಕ್ಕೆಯ ಮೇಲೂ ಪುಡಿಯ ಮೇಲೂ ಒರೆಸಿ ಒರೆಸಿ, ಟ್ರೇ ಕನ್ನಡಿಯಂತಾಯಿತು. ಅಪ್ಪ ಬಂದವರಿಗೆಲ್ಲ ತೋರಿಸುವರು, ನನ್ನ ಮಗಳ ಕೈಗುಣ ನೋಡಿ ಎಂದು.

ಒಂದು ಮಧ್ಯಾಹ್ನ ನನಗೆ ಅರೆ ಎಚ್ಚರವಾಯಿತು. ಪರದೆ ಸರಿಸಿದೆ. ಹಿತ್ತಲು ತುಂಬ ಹಳದಿ ಬಿಸಿಲು, ಎಲೆಯೊಂದೂ ಅಲುಗದ ಹೊತ್ತು. ಬನ್ನು ಗೋಡೆಯ ಪಕ್ಕ ನಿಂತಿದ್ದಳು, ಚಾಚಿದ ಅಂಗೈಯಲ್ಲಿ ಒಂದು ಗುಬ್ಬಿ. ಇನ್ನೊಂದು ಅವಳ ಪಾದದ ಹತ್ತಿರ, ಉಂಡೆಯಂತೆ ಗರಿ ಉಬ್ಬಿಸಿಕೊಂಡು ಕೂತಿತ್ತು. ಅವಳು ಅಂಗೈಯನ್ನು ಕೆನ್ನೆಗೆ ತಂದುಕೊಂಡಳು. ಗುಬ್ಬಿ ಕಣ್ಣು ಮುಚ್ಚಿತು. ನಾನು ಮತ್ತೆ ಗೋಡೆಗೆ ಬೆನ್ನು ಆನಿಸಿದೆ, ಇದನ್ನು ಕನಸಿನಲ್ಲೇ ಕಂಡಿದ್ದರೂ ಸಂತೋಷ ಎಂದುಕೊಂಡೆ. ಎದ್ದ ಮೇಲೆ ಹೋಗಿ ನೋಡಿದರೆ ನಿಜವೇ, ಅವಳ ಕೆನ್ನೆಯ ಮೇಲೆ ಒಂದು ಎಳೆ ಗರಿ ಅಂಟಿತ್ತು.

ಅಲ್ಲಿಂದ ದಿನಕ್ಕೊಂದು ಗುಬ್ಬಿ ಅವಳ ಕೈಗೆ ಬರತೊಡಗಿತು. ನನಗಂತೂ ಕಾಲು ನೆಲದ ಮೇಲಿರಲಿಲ್ಲ. ಬ್ರೆಡ್ಡು ಕಟ್ಟಿಕೊಡುತ್ತ ಗಿರಾಕಿಗಳಿಗೆಲ್ಲ ಹೇಳಿದೆ, ಸ್ವಲ್ಪ ಉಪ್ಪು ಖಾರ ಹಚ್ಚಿಯೂ ಹೇಳಿದೆ. ಹಾಗೆ ಕೇಳಿಸಿಕೊಂಡವರಲ್ಲಿ ಬೀದಿಯ ಕೊನೆಯಲ್ಲಿರುವ ಪ್ರಾಣಿ ಡಾಕ್ಟರಮ್ಮನೂ ಒಬ್ಬರು. ದಿನಾ ನಮ್ಮಲ್ಲೇ ಬ್ರೆಡ್ಡು ಕೊಳ್ಳುವವರು. ಅವರು ನಗಲಿಲ್ಲ. ಅವು ಗರಿ ಉಬ್ಬಿಸಿಕೊಂಡು ಕೂರುತ್ತವೆಯಾ, ಹಗಲಲ್ಲೂ ತೂಕಡಿಸುತ್ತವೆಯಾ ಎಂದು ಕೇಳಿದರು. ಹೌದು, ಅಷ್ಟು ನಂಬಿಕೆ ಅವಕ್ಕೆ ಎಂದೆ. ನಾನೊಮ್ಮೆ ನೋಡಬಹುದಾ ಎಂದು ಅಂಗಡಿಯೊಳಗಿಂದ ನೇರವಾಗಿ ಹಿತ್ತಲಿಗೆ ನಡೆದರು.

ಬನ್ನು ಸ್ನಾನಕ್ಕೆ ಹೋಗಿದ್ದಳು. ಡಾಕ್ಟರಮ್ಮ ಟ್ರೇಯನ್ನು ನೋಡಿದರು, ಗೋಡೆಯ ಬುಡವನ್ನು ನೋಡಿದರು, ಕುಂಡದ ಹಿಂದೆ ಬಗ್ಗಿ ಏನೋ ನೋಡಿದರು. ಅಲ್ಲಿ ಸತ್ತ ಗುಬ್ಬಿಗಳಿದ್ದವು.

"ಆರೋಗ್ಯವಾಗಿರೋ ಗುಬ್ಬಿ ಮನುಷ್ಯರ ಕೈಗೆ ಸಿಗಲ್ಲ" ಎಂದರು ಡಾಕ್ಟರಮ್ಮ. "ಸಿಕ್ಕಿದೆ ಅಂದ್ರೆ ಅದಕ್ಕೆ ಹಾರೋ ಶಕ್ತಿ ಇಲ್ಲ ಅಂತ. ಅದು ನಂಬಿಕೆ ಅಲ್ಲ, ಕಾಯಿಲೆ."

ಟ್ರೇ ತೊಳೆಯುವುದು ಯಾವಾಗ ಎಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಅವಮಾನವಾಯಿತು. ಬೇಕರಿಯವರು ಟ್ರೇ ತೊಳೆಯುವುದಿಲ್ಲವೆಂದು, ಅದರ ಹಿಂದಿನ ಕಾರಣವೆಲ್ಲವನ್ನೂ ತಮ್ಮ ಗುರುವಿನ ಕಾಲದಿಂದ ಶುರು ಮಾಡಿ ವಿವರಿಸಿದರು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು.

"ಸರಿ ಯಜಮಾನ್ರೇ, ನಿಮ್ಮ ಟ್ರೇಗಳು ದಿನಾ ಭಟ್ಟಿಗೆ ಹೋಗ್ತಾವೆ, ಏನಿದ್ರೂ ಸುಟ್ಟುಹೋಗುತ್ತೆ. ಇದು ಭಟ್ಟಿಗೆ ಹೋಗಲ್ವಲ್ಲ."

ಅಪ್ಪ ಟ್ರೇಯ ಅಂಚನ್ನು ಉಗುರಿನಿಂದ ಕೆರೆದು ನೋಡಿದರು. ಇಷ್ಟು ಸಣ್ಣ ಮಾತು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಎಣ್ಣೆಯ ಆ ಮಿರುಗುವ ಪದರದ ಅಡಿಯಲ್ಲಿ ಹಿಕ್ಕೆ, ಬೂಷ್ಟು, ರೋಗ ಎಲ್ಲವನ್ನೂ ನಾವು ಪ್ರೀತಿಯಿಂದ ಒರೆಸಿ ಒರೆಸಿ ಕೂಡಿಟ್ಟಿದ್ದೆವು.

ಮಾಡಬೇಕಾದದ್ದನ್ನು ಅವರು ಹೇಳಿದರು. ಕೆಲವು ವಾರ ಮೇವು ಇಡುವಂತಿಲ್ಲ. ಒಂದೇ ಕಡೆ ಗುಂಪು ಸೇರಿದಷ್ಟೂ ರೋಗ ಹಬ್ಬುತ್ತದೆ, ಚದುರಿ ಹೋಗಲಿ, ತಮ್ಮ ಹೊಟ್ಟೆ ತಾವು ನೋಡಿಕೊಳ್ಳುತ್ತವೆ. ಸತ್ತವನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಬೇಕು. ಟ್ರೇಯನ್ನು ಬಿಸಿನೀರು, ಸೋಪು ಹಾಕಿ ಉಜ್ಜಿ, ಬ್ಲೀಚಿಂಗ್ ಪುಡಿ ಕಲಸಿದ ತೆಳು ನೀರಿನಲ್ಲಿ ನೆನೆಸಿ, ಚೆನ್ನಾಗಿ ಜಾಲಿಸಿ ಬಿಸಿಲಲ್ಲಿ ಒಣಗಿಸಬೇಕು. ಮುಂದೆ ಇಡುವುದಾದರೂ ಬ್ರೆಡ್ಡು ಬೇಡ, ಕಾಳು ಇಡಿ, ಒಂದು ದಿನಕ್ಕೆ ತಿನ್ನುವಷ್ಟೇ ಇಡಿ ಎಂದರು. ಆ ಹುಡುಗಿ ಹಕ್ಕಿ ಮುಟ್ಟಿದ ಮೇಲೆ ಕೈ ತೊಳೆಯುತ್ತಾಳೆ ತಾನೇ ಎಂದು ಕೇಳಿ, ನಮ್ಮ ಮುಖ ನೋಡಿ ನಿಟ್ಟುಸಿರು ಬಿಟ್ಟರು.

ಅವರು ಹೋದ ಮೇಲೆ ನಾನು ಆ ಟ್ರೇಯನ್ನೇ ನೋಡುತ್ತ ನಿಂತೆ. ಅದನ್ನು ತೆಗೆದರೆ ಬನ್ನು ಮತ್ತೆ ಆ ಕುರ್ಚಿಗೆ ಹೋಗುತ್ತಾಳೆ, ಈ ಸಲ ಎದ್ದು ಬರುವುದಿಲ್ಲ. ಅವಳನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದುದು ಹಕ್ಕಿಗಳಷ್ಟೇ. ಅವನ್ನೂ ಕಿತ್ತುಕೊಳ್ಳಬೇಕಿತ್ತು, ಅದೂ ನನ್ನ ಕೈಯಿಂದಲೇ.

ಕಾಯಿಲೆ ಬಂದಿದೆಯಂತೆ, ಸ್ವಲ್ಪ ದಿನ ನಿಲ್ಲಿಸಬೇಕಂತೆ ಎಂದಷ್ಟೇ ಹೇಳಿ ಟ್ರೇಯನ್ನು ಸೌದೆಯ ಹಿಂದೆ ಇಟ್ಟೆ. ಕೈಗೆ ಬಂದ ಗುಬ್ಬಿಗಳ ಮಾತು ಮಾತ್ರ ನುಂಗಿಕೊಂಡೆ. ಬನ್ನು ತಲೆ ಬಾಚಲು ಕರೆದರೆ ಬಂದು ಕೂತಳು.

ಮರುದಿನ ಮಧ್ಯಾಹ್ನ ನಿದ್ದೆಯಲ್ಲಿ ಯಾರೋ ಏನನ್ನೋ ಮುರಿಯುತ್ತಿರುವ ಸದ್ದು. ಎಲ್ಲೋ ದೂರದಲ್ಲಿ ಒಣಗಿದ ಕಡ್ಡಿಗಳ ಮೇಲೆ ಯಾರೋ ನಡೆಯುತ್ತಿದ್ದಾರೆ ಎಂದು ಕನಸು ಬಿತ್ತು. ಕಣ್ಣು ಬಿಟ್ಟರೆ ಬನ್ನು ಹಿತ್ತಲಿನಲ್ಲಿ ಗೋಡೆಯ ಮೇಲೆ ರಸ್ಕು ಮುರಿದು ಸುರಿಯುತ್ತಿದ್ದಳು. ಅವಳ ಎಡಗೈಯಲ್ಲಿ ಒಂದು ಗುಬ್ಬಿ. ನನಗೆ ತಲೆಗೆ ಹತ್ತಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿ, ಗೋಡೆಯ ಮೇಲಿನ ಪುಡಿಯನ್ನೆಲ್ಲ ಕೈಯಿಂದ ಗುಡಿಸಿ ಕೆಳಗೆ ಹಾಕಿದೆ. ಅವಳು ನನ್ನ ಕೈ ತಳ್ಳಿದಳು. ನನಗೆ ಅಂತ ಸಿಕ್ಕಿದ್ದನ್ನೆಲ್ಲ ಯಾರಾದರೂ ಎತ್ತಿಕೊಂಡು ಹೋಗುತ್ತೀರಿ, ಇವಾದರೂ ತಾವಾಗಿ ನನ್ನ ಹತ್ತಿರ ಬಂದಿದ್ದವು ಎಂದು ಕೂಗಿದಳು. ಅಷ್ಟು ದೊಡ್ಡ ದನಿ ಅವಳೊಳಗೆ ಇನ್ನೂ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ.

ನುಂಗಿಕೊಂಡಿದ್ದ ಮಾತು ಆಗ ಹೊರಗೆ ಬಿತ್ತು.

"ಅವು ನಿನ್ನ ಹತ್ತಿರ ಬರ್ತಿರಲಿಲ್ಲ ಬನ್ನು. ಹಾರೋಕೆ ಆಗ್ತಿರಲಿಲ್ಲ ಅವಕ್ಕೆ."

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಬನ್ನು ಅಂಗೈ ಬಿಚ್ಚಿದಳು. ಗುಬ್ಬಿ ಉಂಡೆಯಾಗಿ ಕೂತಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಅವಳು ಕೈಯನ್ನು ತಲೆಗಿಂತ ಎತ್ತರಕ್ಕೆ ಎತ್ತಿದಳು.

"ಹಾರು" ಎಂದಳು.

ಅದು ಅವಳ ಬೆರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು, ಅಷ್ಟೆ. ಅವಳು ಇನ್ನೊಮ್ಮೆ ಹೇಳಿದಳು. ಬಿಸಿಲು ಹಾಗೆಯೇ ಇತ್ತು, ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು. ಬನ್ನು ಮೆಲ್ಲಗೆ ಕೈ ಇಳಿಸಿ ಆ ಹಕ್ಕಿಯನ್ನು ಬಹಳ ಹೊತ್ತು ನೋಡಿದಳು.

"ನಾನೂ ಹೀಗೇ ಕೂತಿದ್ದೆ ಅಲ್ವಾ ಅಕ್ಕ" ಎಂದಳು. "ನೀನು ತಲೆ ಬಾಚ್ತಾ ಇದ್ದೆ."

ನನಗೆ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ಟೋಪಿ ಹಿಡಿದು ನಿಂತ ಗಾರ್ಡ್ ನೆನಪಾದ. ಬನ್ನು ಆಗ ಅಳಲು ಶುರುಮಾಡಿದಳು. ಹೆರಿಗೆಯ ದಿನ ಅಳದೆ ಉಳಿಸಿಕೊಂಡಿದ್ದೆಲ್ಲ ಬಂತು. ನಾಚಿಕೆ ಬಿಟ್ಟು, ಬಾಯಿ ತೆರೆದು, ಇಡೀ ಬೀದಿಗೆ ಕೇಳುವ ಹಾಗೆ ಅತ್ತಳು. ಅಪ್ಪ ಎದ್ದು ಬಂದರು, ಅಕ್ಕಪಕ್ಕದವರು ಕಿಟಕಿ ತೆರೆದರು. ಸುಮ್ಮನಿರು ಎನ್ನಲು ನನ್ನ ಬಾಯಿ ತೆರೆಯಿತು. ಹಾಳಾಗಿ ಹೋಗಲಿ, ಕೇಳಲಿ ಎಂದು ಮುಚ್ಚಿಕೊಂಡೆ.

ಗುಬ್ಬಿಯನ್ನು ಅಂಗಡಿಯ ರಟ್ಟಿನ ಡಬ್ಬಿಯಲ್ಲಿಟ್ಟು ಡಾಕ್ಟರಮ್ಮನ ಹತ್ತಿರ ಒಯ್ದೆವು. ಸಂಜೆಯ ಹೊತ್ತಿಗೆ ಅದು ಹೋಯಿತು. ಮಿಕ್ಕವುಗಳ ಪಕ್ಕದಲ್ಲೇ ಅದನ್ನೂ ಆಳವಾಗಿ ಹೂತಳು ಬನ್ನು, ಕೈಗವಸು ಹಾಕಿಕೊಂಡು. ಮಣ್ಣು ಮುಚ್ಚಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು. ಮಗುವಿಗೆ ಅವಳು ಮಣ್ಣು ಹಾಕಿರಲಿಲ್ಲ, ಆಸ್ಪತ್ರೆಯ ಮಂಚದಲ್ಲಿದ್ದಳು. ಅದು ನಮ್ಮಿಬ್ಬರಿಗೂ ನೆನಪಿತ್ತು.

ಟ್ರೇ ತೊಳೆಯುವ ಕೆಲಸ ತಮ್ಮದೇ ಎಂದು ಅಪ್ಪ ಹಟ ಹಿಡಿದರು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿದರು, ಸೋಪು ಹಾಕಿದರು, ಆಮೇಲೆ ಟ್ರೇಯನ್ನು ಎದೆಗೆ ಒತ್ತಿಕೊಂಡು ನಿಂತೇಬಿಟ್ಟರು. ಯಾರದೋ ಮೈಗೆ ಚಾಕು ಹಾಕಲು ಹೇಳಿದಂತಿತ್ತು ಅವರ ಮುಖ. ಕೊನೆಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮುಳುಗಿಸಿದರು. ಉಜ್ಜಿದ್ದು ಬನ್ನು. ಕಪ್ಪು ಪದರ ಚಕ್ಕೆ ಚಕ್ಕೆಯಾಗಿ ಎದ್ದು ಬಂತು, ನೀರು ಕೊಚ್ಚೆಯಾಯಿತು, ಎರಡು ಸಲ ಬದಲಾಯಿಸಬೇಕಾಯಿತು. ಬ್ಲೀಚಿಂಗ್ ಪುಡಿಯ ನೀರಿನಿಂದ ತೆಗೆದು ಜಾಲಿಸಿ ಬಿಸಿಲಿಗಿಟ್ಟಾಗ ಅಪ್ಪ ಹತ್ತಿರ ಬಂದು ಬಗ್ಗಿ ನೋಡಿ, ಇಷ್ಟು ಬೆಳ್ಳಗಿತ್ತಾ ಇದು ಎಂದರು.

ಆಮೇಲಿನ ವಾರಗಳಲ್ಲಿ ನಮ್ಮ ಮಧ್ಯಾಹ್ನಗಳು ನಿಶ್ಶಬ್ದವಾದವು. ನಿದ್ದೆ ಬಂದರೂ ಅದರೊಳಗೆ ಏನೋ ಕಡಿಮೆ ಅನ್ನಿಸುತ್ತಿತ್ತು. ಹಿಟ್ಟಿನ ಮೂಟೆಯೊಳಗಿಂದ ಗುಬ್ಬಿಗಳು ಒಂದೊಂದಾಗಿ ಹೊರಬರುತ್ತಿವೆ, ಬಿಳಿ ಮೈ ಕೊಡವಿಕೊಳ್ಳುತ್ತಿವೆ ಎಂದು ಕನಸು ಬೀಳುತ್ತಿತ್ತು. ಎದ್ದು ನೋಡಿದರೆ ಬರಿ ಗೋಡೆ. ಬನ್ನು ಕುರ್ಚಿಗೆ ಹೋಗಲಿಲ್ಲ. ಖಾಲಿ ಕಿಟಕಿಯ ಮುಂದೆ ಕೂರಲು ಆಗುವುದಿಲ್ಲ ಎಂದು ಬೇಕರಿಯೊಳಗೆ ಬಂದಳು. ಬಂದವಳು ಸುಮ್ಮನಿದ್ದಳೇ? ಹಿಟ್ಟು ಗಟ್ಟಿಯಾಯಿತು ಎಂದಳು, ಉಪ್ಪು ಹೆಚ್ಚಾಯಿತು ಎಂದಳು, ನಾನು ಕಟ್ಟುವ ಬನ್ನು ಸೊಟ್ಟ ಎಂದಳು. ನಾನು ಬಿಡುವವಳೇ? ಬೆಳಗಾಗುವ ಮೊದಲೇ ನಮ್ಮ ಜಗಳ ಶುರುವಾಗುತ್ತಿತ್ತು. ಕೆಲವು ದಿನ ಜಗಳದ ನಡುವೆಯೇ ಅವಳು ಮೂಟೆಯ ಮೇಲೆ ಕೂತು ಅತ್ತು, ಮುಖ ತೊಳೆದು ಬಂದು, ಬಿಟ್ಟ ಕಡೆಯಿಂದ ಜಗಳ ಮುಂದುವರಿಸುವಳು. ಅಪ್ಪ ಭಟ್ಟಿಯ ಬಾಗಿಲ ಹತ್ತಿರ ನಿಂತು ರೇಡಿಯೋ ಕೇಳುವವರ ಹಾಗೆ ತಲೆದೂಗುತ್ತಿದ್ದರು.

ಡಾಕ್ಟರಮ್ಮ ಸರಿ ಎಂದ ಮೇಲೆ ಟ್ರೇ ಮತ್ತೆ ಗೋಡೆ ಏರಿತು. ಸ್ವಲ್ಪ ನವಣೆ, ಸ್ವಲ್ಪ ಒಡೆದ ಜೋಳ, ಪಕ್ಕದಲ್ಲಿ ದಿನವೂ ಬದಲಿಸುವ ನೀರಿನ ಬಟ್ಟಲು. ಸಂಜೆ ಉಳಿದದ್ದನ್ನು ಎಸೆದು ಟ್ರೇ ತೊಳೆಯುವ ಕೆಲಸ ಅಪ್ಪನದು. ಹಲವು ದಿನ ಯಾವ ಹಕ್ಕಿಯೂ ಬರಲಿಲ್ಲ. ನಾನು ಆಸೆ ಬಿಟ್ಟಿದ್ದೆ.

ಆಮೇಲೊಂದು ಮಧ್ಯಾಹ್ನ, ಬೆಚ್ಚನೆಯ ಗೋಡೆಗೆ ಆನಿಕೊಂಡು ಮಲಗಿದ್ದಾಗ ಕನಸಿನಲ್ಲಿ ಚಿಲಿಪಿಲಿ ಕೇಳಿತು. ಕಣ್ಣು ಬಿಟ್ಟೆ, ಸದ್ದು ನಿಲ್ಲಲಿಲ್ಲ. ಪರದೆ ಸರಿಸಿದೆ. ಟ್ರೇಯ ಸುತ್ತ ಗುಬ್ಬಿಗಳು, ನುಣುಪು ಮೈಯವು, ಚುರುಕು ಕತ್ತಿನವು, ಕಾಳಿಗಾಗಿ ಒಂದನ್ನೊಂದು ತಳ್ಳುತ್ತಿದ್ದವು. ಅಷ್ಟರಲ್ಲಿ ಹಿತ್ತಲಿನ ಬಾಗಿಲು ಕಿರ್ ಎಂದಿತು. ಬನ್ನು ಒಂದು ಹೆಜ್ಜೆ ಹೊರಗಿಟ್ಟಳು. ಭರ್ ಎಂದು ಅಷ್ಟೂ ಹಾರಿದವು. ಕ್ಷಣದಲ್ಲಿ ಗೋಡೆ ಖಾಲಿ, ಟ್ರೇಯಿಂದ ಉರುಳಿದ ನಾಲ್ಕು ಕಾಳು ಮಾತ್ರ ಅಲ್ಲಿ.

ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಕೊನೆಗೆ ನೋಡಿದರೆ ಅವಳು ನಗುತ್ತಿದ್ದಳು. ಆಕಾಶ ನೋಡುತ್ತ, ಕೆನ್ನೆಯ ನೀರನ್ನು ಮುಂಗೈಯಿಂದ ಒರೆಸಿಕೊಳ್ಳುತ್ತ ನಗುತ್ತಿದ್ದಳು.

"ಒಂದೂ ನಿಲ್ಲಲಿಲ್ಲ ಅಕ್ಕ" ಎಂದಳು ನನ್ನ ಕಿಟಕಿಯ ಕಡೆ ತಿರುಗಿ. "ನೋಡಿದ್ಯಾ? ಒಂದೂ."

ಆ ಸಲ ಗಾರ್ಡ್ ರಜೆಯಲ್ಲಿ ಬಂದಾಗ ಅವಳು ಚೀಲ ಕಟ್ಟಿಕೊಂಡು ಸಿದ್ಧವಾಗಿದ್ದಳು. ಮೊದಲೇ ಏನೂ ಹೇಳಿರಲಿಲ್ಲ. ಅವನು ಚೀಲವನ್ನೂ ಅವಳನ್ನೂ ನೋಡಿ ಗಾಬರಿಯಾಗಿ, ಮುಂದಿನ ರೈಲಿಗೆ ಇನ್ನೂ ಹೊತ್ತಿದೆ ಎಂದ. ಹಾಗಾದರೆ ಸ್ಟೇಷನ್ನಿನಲ್ಲಿ ಕೂರೋಣ, ನಿಮ್ಮ ಹತ್ತಿರ ಮಾತಾಡುವುದಿದೆ ಎಂದಳು. ನಾನು ಬಾಚಣಿಗೆ ತಂದೆ. ಅವಳು ಅದನ್ನು ನನ್ನ ಕೈಯಿಂದ ಕಸಿದುಕೊಂಡು, ನೀನು ಎಳೆದರೆ ಬುಡಸಮೇತ ಬರುತ್ತದೆ ಎಂದು ತಾನೇ ಬಾಚಿಕೊಂಡಳು.

ಬಾಗಿಲಲ್ಲಿ ನನಗೆ ತಡೆಯಲಾಗಲಿಲ್ಲ. ಎರಡೂ ಕೈ ಚಾಚಿ ಅವಳನ್ನು ಬಿಗಿಯಾಗಿ ಅಪ್ಪಿಕೊಂಡೆ. ಒಂದು ಗಳಿಗೆ ನಿಂತಳು, ಅಷ್ಟರಲ್ಲೇ ಮೈ ಕೊಸರಿಕೊಂಡಳು.

"ಬಿಡಕ್ಕ, ಬಟ್ಟೆಗೆಲ್ಲ ಹಿಟ್ಟು ಮೆತ್ತುತ್ತೆ."

ನನ್ನ ತೋಳಿನ ಅಡಿಯಿಂದ ನುಸುಳಿ, ಮೆಟ್ಟಿಲು ಇಳಿದು, ಬೀದಿಯುದ್ದಕ್ಕೂ ಸರಸರ ನಡೆದುಬಿಟ್ಟಳು. ಗಾರ್ಡ್ ಚೀಲ ಎತ್ತಿಕೊಂಡು ಅವಳ ಹಿಂದೆ ಓಡಿದ. ತಿರುವಿನವರೆಗೂ ಅವಳು ತಿರುಗಿ ನೋಡಲಿಲ್ಲ. ನಾನು ಹೊಸ್ತಿಲಲ್ಲೇ ನಿಂತು ಮೊಣಕೈಯ ಹತ್ತಿರದ ಹಳೆಯ ಹಲ್ಲಿನ ಗುರುತನ್ನು ಸವರಿಕೊಂಡೆ. ಕೊನೆಗೂ ನನ್ನ ಕೈಗೆ ಸಿಗದೆ ಹೋದಳಲ್ಲ ಎಂದು ಸಂತೋಷಕ್ಕೆ ಅಳು ಬಂತು.